‘ರೇಟಿಂಗ್ ಕೊಡಿ’ ಎಂಬ ಕಾಟದ ಪೂರ್ವಕಥೆ

ಕರೆಂಟ್ ಬಿಲ್ ಕಟ್ಟಲೆಂದು ಆ್ಯಪ್ ತೆರೆದಿರುತ್ತೀರಿ. ಕೆಲಸ ಇನ್ನೇನು ಮುಗಿಯಿತು ಎನ್ನುವಾಗ ಐದು ಖಾಲಿ ಸ್ಟಾರ್‌ಗಳನ್ನು ಹೊತ್ತ ಪುಟ್ಟ ಚೌಕವೊಂದು ಪರದೆಯ ನಡುವೆ ಬಂದು ನಿಲ್ಲುತ್ತದೆ. ಬಹುಪಾಲು ಜನ ಅದನ್ನು ಮುಚ್ಚುತ್ತಾರೆ, ಕೆಲವರು ಬೈದು ಮುಚ್ಚುತ್ತಾರೆ. ಬೈಗುಳ ಸಲ್ಲುವುದು ಆ್ಯಪ್ ಮಾಡಿದವರಿಗೆ. ಆದರೆ ಈ ಕಾಟದ ಚರಿತ್ರೆಯನ್ನು ಕೆದಕಿದರೆ ಮೂಲ ಸಿಗುವುದು ಬೇರೆ ಕಡೆ. ಆ್ಯಪ್‌ಗಳನ್ನು ಮಾರುವ ಅಂಗಡಿಗಳು, ಅಂದರೆ ಆಪಲ್ ಮತ್ತು ಗೂಗಲ್, ತಾವೇ ಮಾಡಿಟ್ಟ ನಿಯಮಗಳು ಇದನ್ನು ಹುಟ್ಟಿಸಿದವು. ಆಮೇಲೆ ಅವೇ ಮದ್ದನ್ನೂ ತಂದು, ಆ ನೆಪದಲ್ಲಿ ಬೀಗದ ಕೈಯನ್ನು ತಮ್ಮ ಸೊಂಟಕ್ಕೆ ಸಿಕ್ಕಿಸಿಕೊಂಡವು.

ಆಪಲ್‌ನ ಆಪ್ ಸ್ಟೋರ್ ತೆರೆದದ್ದು 2008ರ ಜುಲೈ 10ರಂದು, ಸುಮಾರು 500 ಆ್ಯಪ್‌ಗಳೊಂದಿಗೆ. ಅದೇ ಅಕ್ಟೋಬರ್‌ನಲ್ಲಿ ಗೂಗಲ್‌ನ ಆಂಡ್ರಾಯ್ಡ್ ಮಾರ್ಕೆಟ್ ಬಂತು. ಎರಡರಲ್ಲೂ ಪ್ರತಿ ಆ್ಯಪ್‌ಗೆ ಒಂದು ಪುಟ, ಪುಟಕ್ಕೊಂದು ವಿಳಾಸ. ರೇಟಿಂಗ್ ಬೀಳುವುದು ಆ ಪುಟದಲ್ಲೇ; ಬಳಕೆದಾರರನ್ನು ಅಲ್ಲಿಗೆ ಕರೆದೊಯ್ಯಲು ಆ್ಯಪ್ ತನ್ನೊಳಗೆ ಆ ವಿಳಾಸದ ಕೊಂಡಿ (ಲಿಂಕ್) ಇಟ್ಟುಕೊಳ್ಳಬೇಕಿತ್ತು. ಆಂಡ್ರಾಯ್ಡ್‌ನಲ್ಲಿ ವಿಳಾಸದ ಗುರುತು ಆ್ಯಪಿನ ಪ್ಯಾಕೇಜ್ ಹೆಸರು. ವಾಟ್ಸ್‌ಆ್ಯಪ್‌ಗೆ ‘ಕಾಮ್ ಡಾಟ್ ವಾಟ್ಸ್‌ಆ್ಯಪ್’. ಡೆವಲಪರ್ ಮೊದಲ ದಿನವೇ ಇಡುವ ಹೆಸರು ಇದು, ಹಾಗಾಗಿ ಆ್ಯಪ್ ತನ್ನ ಪುಟ ಎಲ್ಲಿದೆ ಎಂಬುದನ್ನು ತಾನೇ ಲೆಕ್ಕಹಾಕಿಕೊಳ್ಳಬಲ್ಲದು. ಆಪಲ್‌ನಲ್ಲಿ ಗುರುತು ಒಂದು ಸಂಖ್ಯೆ, ವಾಟ್ಸ್‌ಆ್ಯಪ್‌ನದು 310633997. ಅಂಗಡಿಯಲ್ಲಿ ಹೆಸರು ನೋಂದಾಯಿಸಿದ ಮೇಲೆಯೇ ಆ ಸಂಖ್ಯೆ ಸಿಗುವುದು. ಮೊದಲ ಆವೃತ್ತಿಯೊಳಗೇ ಅಂಗಡಿಯ ಕೊಂಡಿ ಹಾಕಬೇಕೆಂದಿದ್ದವರು ಸಂಖ್ಯೆ ಪಡೆಯಲೆಂದೇ ನೋಂದಣಿಯನ್ನು ಮೊದಲು ಮುಗಿಸಬೇಕಿತ್ತು.

ಆಪಲ್‌ನ ಹಳೆಯ ಕೊಂಡಿಗಳು ನೋಡಲು ವಿಚಿತ್ರವಾಗಿದ್ದವು. ಆಪ್ ಸ್ಟೋರ್ ಅನ್ನು ಕಟ್ಟಿದ್ದು 2003ರಲ್ಲಿ ಶುರುವಾದ ಐಟ್ಯೂನ್ಸ್ ಸಂಗೀತದಂಗಡಿಯ ಅಡಿಪಾಯದ ಮೇಲೆಯೇ. ಹಾಗಾಗಿ ಆ್ಯಪ್ ಕೊಂಡಿಯ ಶುರುವಿನಲ್ಲೇ ಸಂಗೀತದಂಗಡಿಯ ಮೊದಲಕ್ಷರಗಳು ಇರುತ್ತಿದ್ದವು. ವಿಮರ್ಶೆಯ ಪುಟದ ಕೊಂಡಿಯ ಹೊಟ್ಟೆಯಲ್ಲಂತೂ ‘ಪರ್ಪಲ್ ಸಾಫ್ಟ್‌ವೇರ್’ ಎಂಬ ಮಾತು. ಐಫೋನ್ ಇನ್ನೂ ಗುಟ್ಟಾಗಿದ್ದಾಗ ಕಂಪನಿಯೊಳಗೆ ಅದಕ್ಕಿದ್ದ ಹೆಸರು ‘ಪರ್ಪಲ್’. ಅಷ್ಟು ಜೋಪಾನ ಮಾಡಿದ ಗುಟ್ಟು ಸಾವಿರಾರು ಆ್ಯಪ್‌ಗಳ ಕೋಡಿನಲ್ಲಿ ವರ್ಷಗಟ್ಟಲೆ ಬಯಲಾಗಿ ಬಿದ್ದಿತ್ತು.

ಕೊಂಡಿ ಒತ್ತಿದರೆ ನೇರವಾಗಿ ಅಂಗಡಿ ತೆರೆಯುತ್ತದೆ ಎಂಬ ಖಾತರಿಯೂ ಇರಲಿಲ್ಲ. ಆಗಾಗ ಮೊದಲು ಸಫಾರಿ ಬ್ರೌಸರ್ ತೆರೆದು, ಖಾಲಿ ಪುಟವೊಂದು ಮಿಂಚಿ, ಒಂದೆರಡು ವಿಳಾಸ ದಾಟಿ ಅಂಗಡಿ ಕಾಣಿಸುತ್ತಿತ್ತು. ಆ ಹಾರಾಟವನ್ನು ತೆರೆಮರೆಯಲ್ಲೇ ಮುಗಿಸುವುದು ಹೇಗೆಂದು ಆಪಲ್ ಪ್ರತ್ಯೇಕ ತಾಂತ್ರಿಕ ಟಿಪ್ಪಣಿಯನ್ನೇ ಹೊರಡಿಸಬೇಕಾಯಿತು. ಆ್ಯಪನ್ನು ಪರೀಕ್ಷಿಸಲು ಕಂಪ್ಯೂಟರಿನ ಮೇಲೆ ಓಡಿಸುವ ಅಣಕು ಐಫೋನ್, ಅಂದರೆ ಸಿಮ್ಯುಲೇಟರ್‌ನಲ್ಲಿ ಆಪ್ ಸ್ಟೋರ್ ಇಲ್ಲವೇ ಇಲ್ಲ. ಅಲ್ಲಿ ಕೊಂಡಿ ಸತ್ತಂತೆ ಬಿದ್ದಿರುತ್ತದೆ. ಹೊಸ ಡೆವಲಪರ್‌ಗಳು ತಮ್ಮ ಕೋಡಿನಲ್ಲೇ ಏನೋ ದೋಷವಿದೆಯೆಂದು ತಲೆ ಕೆರೆದುಕೊಳ್ಳುವುದು ಈಗಲೂ ತಪ್ಪಿಲ್ಲ.

ಕಾಟದ ನಿಜವಾದ ಬೇರು ಇರುವುದು 2008ರ ನವೆಂಬರ್‌ನಲ್ಲಿ ಬಂದ ಐಫೋನ್ ತಂತ್ರಾಂಶದ 2.2 ಆವೃತ್ತಿಯಲ್ಲಿ. ಅಂದಿನಿಂದ ಆ್ಯಪ್ ಅಳಿಸುವಾಗ ‘ಅಳಿಸುವ ಮುನ್ನ ರೇಟಿಂಗ್ ಕೊಡಿ’ ಎಂದು ಫೋನೇ ಕೇಳತೊಡಗಿತು. ಯಾರು ಅಳಿಸುತ್ತಾರೆ? ಇಷ್ಟವಾಗದವರು. ಇಷ್ಟವಾದವರು ಸುಮ್ಮನೆ ಬಳಸುತ್ತಿರುತ್ತಾರೆ, ಅವರನ್ನು ಯಾರೂ ಕೇಳುವುದಿಲ್ಲ. ಪರಿಣಾಮ ಊಹಿಸಲು ಲೆಕ್ಕಶಾಸ್ತ್ರಜ್ಞರು ಬೇಕಿಲ್ಲ: ಒಳ್ಳೆಯ ಆ್ಯಪ್‌ಗಳ ಮೇಲೂ ಒಂದೊಂದು ಸ್ಟಾರ್‌ನ ರಾಶಿ ಬಿತ್ತು. 2010ರಲ್ಲಿ ಅದೇ ತಂತ್ರಾಂಶದ ಐಒಎಸ್ 4 ಆವೃತ್ತಿ ಬಂದಾಗ ಆಪಲ್ ಈ ಪ್ರಶ್ನೆಯನ್ನು ತೆಗೆದುಹಾಕಿತು, ಆದರೆ ಅಷ್ಟರಲ್ಲಿ ಡೆವಲಪರ್‌ಗಳು ತಮ್ಮ ದಾರಿ ಕಂಡುಕೊಂಡಿದ್ದರು. 2009ರಲ್ಲಿ ಆರಶ್ ಪಯಾನ್ ಎಂಬ ಡೆವಲಪರ್ ‘ಆ್ಯಪಿರೇಟರ್’ ಎಂಬ ಪುಟ್ಟ ಕೋಡನ್ನು ಎಲ್ಲರಿಗೂ ಉಚಿತವಾಗಿ ಬಿಟ್ಟರು. ಯಾರಾದರೂ ಆ್ಯಪನ್ನು ಹಲವು ದಿನ, ಹಲವು ಬಾರಿ ಬಳಸಿದ್ದಾರೆಂದರೆ ಅವರಿಗೆ ಅದು ಹಿಡಿಸಿದೆ ಎಂದೇ ಅರ್ಥ. ಅಂಥವರನ್ನು ಮಾತ್ರ ಕೇಳೋಣ ಎಂಬುದು ಅದರ ತರ್ಕ. ಮೂರು ಗುಂಡಿಗಳು: ರೇಟಿಂಗ್ ಕೊಡುತ್ತೇನೆ, ಆಮೇಲೆ ನೆನಪಿಸಿ, ಬೇಡ. ಮೊದಲನೆಯದನ್ನು ಒತ್ತಿದರೆ ಅಂಗಡಿಯ ವಿಮರ್ಶೆಯ ಪುಟ. ಇದು ನ್ಯಾಯವಾದ ಉಪಾಯವೇ ಆಗಿತ್ತು ಎಂದು ನನಗನಿಸುತ್ತದೆ. ಎಡವಟ್ಟಾದದ್ದು ಎಲ್ಲರೂ ಅದನ್ನೇ ತಮ್ಮ ಆ್ಯಪ್‌ಗೆ ಅಂಟಿಸಿಕೊಂಡಾಗ.

ಇದಕ್ಕಿಂತ ದೊಡ್ಡ ತಪ್ಪು ಆಪಲ್‌ನ ಇನ್ನೊಂದು ನಿಯಮದಲ್ಲಿತ್ತು. ಅಂಗಡಿ ಎದ್ದು ತೋರಿಸುತ್ತಿದ್ದದ್ದು ಈಗಿನ ಆವೃತ್ತಿಯ ರೇಟಿಂಗ್ ಮಾತ್ರ. ಒಂದು ಸಣ್ಣ ದೋಷ ಸರಿಪಡಿಸಿ ಹೊಸ ಆವೃತ್ತಿ ಬಿಟ್ಟರೆ, ವರ್ಷಗಳಿಂದ ಗಳಿಸಿದ ಸ್ಟಾರ್‌ಗಳು ಹಿಂದಿನ ಸಾಲಿಗೆ ಸರಿದು ಎಣಿಕೆ ಸೊನ್ನೆಯಿಂದ ಶುರು. ಸಾಕಷ್ಟು ಹೊಸ ರೇಟಿಂಗ್ ಬರುವವರೆಗೆ ಸರಾಸರಿಯೇ ಕಾಣುತ್ತಿರಲಿಲ್ಲ. ದೋಷವನ್ನು ಬೇಗ ಸರಿಪಡಿಸುವ ಶ್ರದ್ಧಾವಂತನಿಗೇ ಹೆಚ್ಚು ಶಿಕ್ಷೆ! ಅದನ್ನು ತಪ್ಪಿಸಿಕೊಳ್ಳಲು ಇದ್ದದ್ದು ಒಂದೇ ದಾರಿ: ಪ್ರತಿ ಆವೃತ್ತಿಗೂ ಹಳೆಯ ಬಳಕೆದಾರರ ಮುಂದೆ ಮತ್ತೆ ಕೈಯೊಡ್ಡುವುದು. ಆ್ಯಪಿರೇಟರ್‌ನ ಎಣಿಕೆಯೂ ಹೊಸ ಆವೃತ್ತಿ ಬಂದೊಡನೆ ಮೊದಲಿನಿಂದ ಶುರುವಾಗುತ್ತಿತ್ತು.

ಜಾಣರು ಇದಕ್ಕೊಂದು ಜರಡಿಯನ್ನೂ ಹಿಡಿದರು. ಮೊದಲು ‘ಆ್ಯಪ್ ಇಷ್ಟವಾಯಿತೇ?’ ಎಂಬ ಮುಗ್ಧ ಪ್ರಶ್ನೆ. ಹೌದೆಂದವರಿಗೆ ಅಂಗಡಿಯ ಕೊಂಡಿ, ಇಲ್ಲವೆಂದವರಿಗೆ ಇಮೇಲ್ ಬರೆಯುವ ಪುಟ. ಸಿಟ್ಟು ಇಮೇಲ್ ಡಬ್ಬಿಯಲ್ಲೇ ಇಂಗುತ್ತಿತ್ತು, ಹೊಗಳಿಕೆ ಮಾತ್ರ ಅಂಗಡಿ ತಲುಪುತ್ತಿತ್ತು. ಕೆಲವು ಆಟಗಳು ಐದು ಸ್ಟಾರ್‌ಗೆ ಪ್ರತಿಯಾಗಿ ನಾಣ್ಯಗಳನ್ನು ಕೊಡುವ ಮಟ್ಟಕ್ಕೂ ಇಳಿದವು.

2013ರ ಹೊತ್ತಿಗೆ ಬೇಸರ ಬಹಿರಂಗವಾಯಿತು. ಆಪಲ್ ಬಗ್ಗೆ ಬರೆಯುವ ಅಮೆರಿಕದ ಜಾನ್ ಗ್ರೂಬರ್, ಹೀಗೆ ಪೀಡಿಸುವ ಆ್ಯಪ್‌ಗಳಿಗೆ ಒಂದೇ ಸ್ಟಾರ್ ಕೊಟ್ಟು ಕಾರಣವನ್ನೂ ಬರೆಯಿರಿ ಎಂದು ಓದುಗರಿಗೆ ಕರೆ ಕೊಡುವ ಯೋಚನೆ ತಮಗಿದೆ ಎಂದು ಆ ಡಿಸೆಂಬರ್‌ನಲ್ಲಿ ಬರೆದರು. ದೊಡ್ಡ ಚರ್ಚೆಯೇ ನಡೆಯಿತು. ಅದೇ ವರ್ಷ ಬಂದ ಐಒಎಸ್ 7ರಲ್ಲಿ ವಿಮರ್ಶೆಯ ಪುಟದ ಹಳೆಯ ಕೊಂಡಿ ಕೆಲಸ ಮಾಡುವುದನ್ನೇ ನಿಲ್ಲಿಸಿತು. ಅಂಗಡಿ ತನ್ನ ಬಾಗಿಲಿನ ವಿಳಾಸ ಬದಲಿಸಿದರೆ ಹೊರಗಿನವರು ಏನೂ ಮಾಡುವಂತಿಲ್ಲ ಎಂಬುದು ಅನೇಕರಿಗೆ ಆಗ ಮನವರಿಕೆಯಾಯಿತು.

ಬೇರೆಯವರ ಪುಟಕ್ಕೆ ಕೊಂಡಿ ಕೊಡುವ ವ್ಯಾಪಾರ ಇನ್ನೂ ಅಪಾಯದ್ದು. ಫ್ರಾನ್ಸಿನ ‘ಆ್ಯಪ್‌ಗ್ರಾಟಿಸ್’ ದಿನಕ್ಕೊಂದು ಆ್ಯಪನ್ನು ಪರಿಚಯಿಸಿ ಜನರನ್ನು ಅದರ ಅಂಗಡಿ ಪುಟಕ್ಕೆ ಕಳಿಸುತ್ತಿತ್ತು. ಆಪ್ ಸ್ಟೋರ್ ಅನ್ನೇ ಹೋಲುವಂತೆ ಇತರರ ಆ್ಯಪ್‌ಗಳನ್ನು ಪ್ರಚಾರ ಮಾಡಬಾರದು ಎಂಬ ನಿಯಮ ತೋರಿಸಿ ಆಪಲ್ ಅದನ್ನು 2013ರ ಏಪ್ರಿಲ್‌ನಲ್ಲಿ ಹೊರಹಾಕಿತು. ಫ್ರಾನ್ಸಿನ ಸಚಿವೆ ಫ್ಲೋರ್ ಪೆಲ್ಲೆರಾಂ ಬಹಿರಂಗವಾಗಿ ಆಕ್ಷೇಪಿಸಿದರೂ ಬಾಗಿಲು ತೆರೆಯಲಿಲ್ಲ.

ಮದ್ದು ಬಂದದ್ದು 2017ರ ಮಾರ್ಚ್‌ನಲ್ಲಿ, ಐಒಎಸ್ 10.3ರ ಜೊತೆ. ಇನ್ನು ರೇಟಿಂಗ್ ಚೌಕವನ್ನು ಫೋನೇ ತೋರಿಸುತ್ತದೆ; ಆ್ಯಪಿನಿಂದ ಹೊರಗೆ ಹೋಗಬೇಕಿಲ್ಲ. ಆ್ಯಪ್ ವಿನಂತಿ ಸಲ್ಲಿಸಬಹುದು ಅಷ್ಟೆ. ತೋರಿಸಬೇಕೋ ಬೇಡವೋ ಎಂಬುದು ಆಪಲ್‌ನ ತೀರ್ಮಾನ, 365 ದಿನಗಳಲ್ಲಿ ಮೂರು ಬಾರಿಗಿಂತ ಹೆಚ್ಚಿಲ್ಲ. ಬಳಕೆದಾರರು ರೇಟಿಂಗ್ ಕೊಟ್ಟರೇ ಇಲ್ಲವೇ ಎಂಬುದೂ ಆ್ಯಪ್‌ಗೆ ತಿಳಿಯುವುದಿಲ್ಲ. ಕೆಲವೇ ತಿಂಗಳಲ್ಲಿ, ಸ್ವಂತ ಪಾಪ್‌ಅಪ್‌ಗಳಿಗೆ ಅವಕಾಶವಿಲ್ಲ ಎಂಬ ಸಾಲು ನಿಯಮಪುಸ್ತಕ ಸೇರಿತು. ಸೆಪ್ಟೆಂಬರ್‌ನಲ್ಲಿ ಐಒಎಸ್ 11 ಬಂದಾಗ, ಹೊಸ ಆವೃತ್ತಿಯ ಜೊತೆ ರೇಟಿಂಗ್ ಅಳಿಸಬೇಕೇ ಉಳಿಸಿಕೊಳ್ಳಬೇಕೇ ಎಂಬ ಆಯ್ಕೆ ಡೆವಲಪರ್‌ಗೆ ಸಿಕ್ಕಿತು. ಒಂಬತ್ತು ವರ್ಷ ಹಿಂದೆಯೇ ಇದಿಷ್ಟನ್ನು ಮಾಡಿದ್ದರೆ ಉಳಿದದ್ದೆಲ್ಲ ಬೇಕೇ ಇರಲಿಲ್ಲವೇನೋ.

ಗೂಗಲ್ ಇದೇ ದಾರಿಗೆ ಬಂದದ್ದು 2020ರ ಆಗಸ್ಟ್‌ನಲ್ಲಿ. ಆಂಡ್ರಾಯ್ಡ್ ಮಾರ್ಕೆಟ್ 2012ರಲ್ಲೇ ಗೂಗಲ್ ಪ್ಲೇ ಆಗಿದ್ದರೂ ಕೊಂಡಿ ಇಂದಿಗೂ ‘ಮಾರ್ಕೆಟ್’ ಎಂದೇ ಶುರುವಾಗುತ್ತದೆ. ಪ್ಲೇ ಸ್ಟೋರ್ ಇಲ್ಲದ ಫೋನಿನಲ್ಲಿ ಆ ಕೊಂಡಿ ಆ್ಯಪನ್ನೇ ಕೆಡವಬಲ್ಲದು. ಹಾಗಾಗಿ ಮೊದಲು ಅದನ್ನು ಪ್ರಯತ್ನಿಸಿ, ಸೋತರೆ ಸಾಮಾನ್ಯ ವೆಬ್ ವಿಳಾಸ ತೆರೆಯುವುದು ಆಂಡ್ರಾಯ್ಡ್ ಡೆವಲಪರ್‌ಗಳ ಹಳೆಯ ರೂಢಿ. ‘ಇಷ್ಟವಾಯಿತೇ’ ಎಂದು ಮೊದಲೇ ಕೇಳಿ ಜರಡಿ ಹಿಡಿಯಬೇಡಿ ಎಂದು ಗೂಗಲ್ ಸೂಚಿಸಿತು. ಜೊತೆಗೆ, ‘ರೇಟಿಂಗ್ ಕೊಡಿ’ ಎಂಬ ಗುಂಡಿಗೆ ಹೊಸ ಚೌಕವನ್ನು ಜೋಡಿಸಬೇಡಿ ಎಂದಿತು. ಚೌಕ ತೋರಿಸುವ ಮಿತಿ ಮುಗಿದಿದ್ದರೆ ಒತ್ತಿದರೂ ಏನೂ ಕಾಣಿಸದು. ಗುಂಡಿಗೆ ಅಂಗಡಿಯ ಹಳೆಯ ಕೊಂಡಿಯೇ ಸರಿ. ಆಪಲ್‌ನದೂ ಇದೇ ಮಾತು.

ಅಂಗಡಿಯ ಪುಟ ಎಂಥ ರಣರಂಗವೆಂದು ಭಾರತದವರಿಗೆ ಹೇಳಬೇಕಿಲ್ಲ. 2017ರ ಏಪ್ರಿಲ್‌ನಲ್ಲಿ ಸ್ನ್ಯಾಪ್‌ಚಾಟ್ ಮುಖ್ಯಸ್ಥರು ಭಾರತವನ್ನು ಬಡ ದೇಶವೆಂದು ಹೀಗಳೆದರೆಂಬ ಸುದ್ದಿಗೆ ಸಿಟ್ಟಾದವರಲ್ಲಿ ಕೆಲವರು ಹೆಸರು ಸರಿಯಾಗಿ ನೋಡದೆ ದೆಹಲಿ ಮೂಲದ ಸ್ನ್ಯಾಪ್‌ಡೀಲ್‌ಗೆ ಒಂದೊಂದು ಸ್ಟಾರ್ ಒತ್ತಿದರು. 2024ರ ಮಾರ್ಚ್ 1ರಂದು ತನ್ನ ಅಂಗಡಿಯ ಶುಲ್ಕದ ಜಗಳದಲ್ಲಿ ಗೂಗಲ್ ಕಂಪನಿಯು ನೌಕ್ರಿ, ಭಾರತ್ ಮ್ಯಾಟ್ರಿಮೊನಿಯಂಥ ಆ್ಯಪ್‌ಗಳನ್ನು ಪ್ಲೇ ಸ್ಟೋರ್‌ನಿಂದ ತೆಗೆಯಿತು. ಫೋನಿನಲ್ಲಿದ್ದ ಆ್ಯಪ್ ಹಾಗೇ ಇತ್ತು, ಅದರ ಕೊಂಡಿ ತಲುಪಬೇಕಾದ ಪುಟ ಮಾತ್ರ ಇರಲಿಲ್ಲ. ಕೇಂದ್ರ ಸರ್ಕಾರ ಮಧ್ಯೆ ಬಂದ ಮೇಲೆ ಕೆಲವೇ ದಿನಗಳಲ್ಲಿ ಅವು ಮರಳಿದವು.

ಇದಕ್ಕೆ ಕೆಲವೇ ದಿನ ಮೊದಲು, ಫೆಬ್ರವರಿಯಲ್ಲಿ, ಬೆಂಗಳೂರಿನ ಫೋನ್‌ಪೇ ಕನ್ನಡವೂ ಸೇರಿ 12 ಭಾರತೀಯ ಭಾಷೆಗಳಲ್ಲಿ ಇಂಡಸ್ ಆ್ಯಪ್‌ಸ್ಟೋರ್ ತೆರೆದಿತ್ತು. ಸ್ಯಾಮ್ಸಂಗ್, ಶಓಮಿ ಫೋನ್‌ಗಳಲ್ಲಿ ಆಯಾ ಕಂಪನಿಯದೇ ಅಂಗಡಿ ಬೇರೆ. ಒಂದೇ ಆ್ಯಪ್ ನಾಲ್ಕು ಕಡೆ ಸಿಗುವಾಗ ಯಾವ ಅಂಗಡಿಯ ಪುಟ ತೆರೆಯಬೇಕು? ತನ್ನನ್ನು ಯಾವ ಅಂಗಡಿ ಸ್ಥಾಪಿಸಿತೆಂದು ಆ್ಯಪ್ ಮೊದಲು ಫೋನನ್ನೇ ಕೇಳಬೇಕು. ಆಂಡ್ರಾಯ್ಡ್‌ನಲ್ಲಿ ಅದಕ್ಕೆ ಅನುಕೂಲವಿದೆ. ಕೇಳುವ ಗೋಜಿಗೆ ಹೋಗದೆ ಪ್ಲೇ ಸ್ಟೋರ್ ವಿಳಾಸವನ್ನೇ ಕೋಡಿನಲ್ಲಿ ಬರೆದಿಟ್ಟ ಆ್ಯಪ್, ಇಂಡಸ್‌ನಿಂದ ಇಳಿಸಿಕೊಂಡವರನ್ನೂ ಗೂಗಲ್‌ನ ಬಾಗಿಲಿಗೇ ಕಳಿಸುತ್ತದೆ.