ಟವೆಲ್ ಹಾಕಿ ಸೀಟು ಹಿಡಿದ ಕಂಪನಿ

1879ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಕಾನ್‌ಸ್ಟಾಂಟಿನ್ ಫಾಲ್‌ಬರ್ಗ್ ಎಂಬ ರಸಾಯನಶಾಸ್ತ್ರಜ್ಞ ಪ್ರಯೋಗಾಲಯದಿಂದ ಬಂದವನು ಕೈ ಸರಿಯಾಗಿ ತೊಳೆಯದೆ ಊಟಕ್ಕೆ ಕುಳಿತ. ಬ್ರೆಡ್ಡು ಸಿಹಿಯಾಗಿತ್ತು. ಬೆರಳು ನೆಕ್ಕಿದರೆ ಅದೂ ಸಿಹಿ. ಕೈಗೆ ಅಂಟಿದ್ದುದು ಕಲ್ಲಿದ್ದಲ ಡಾಂಬರಿನಿಂದ ತೆಗೆದ ಒಂದು ವಸ್ತು. ಅದೇ ಸ್ಯಾಕರಿನ್.

ಇಪ್ಪತ್ತೆರಡು ವರ್ಷಗಳ ನಂತರ, 1901ರಲ್ಲಿ, ಸೇಂಟ್ ಲೂಯಿಸ್ ನಗರದಲ್ಲಿ ಔಷಧ ವ್ಯಾಪಾರದ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದ ಜಾನ್ ಫ್ರಾನ್ಸಿಸ್ ಕ್ವೀನಿ ಇದನ್ನು ತಾನೇ ತಯಾರಿಸಲು ಹೊರಟ. ಕಂಪನಿಗೆ ಇಟ್ಟದ್ದು ಹೆಂಡತಿಯ ತವರಿನ ಹೆಸರು: ಮಾನ್ಸಾಂಟೊ. ಮೊದಲ ದೊಡ್ಡ ಗಿರಾಕಿಗಳಲ್ಲಿ ಕೋಕಾ ಕೋಲಾ ಕೂಡ ಇತ್ತು.

ಸ್ಯಾಕರಿನ್ ಸಕ್ಕರೆಗೆ ಬಂಧುವಲ್ಲ, ಬಳಗವಲ್ಲ. ನಾಲಗೆಯ ಮೇಲೆ ಸಕ್ಕರೆ ಬಂದು ಕೂರುವ ಗ್ರಾಹಿಗಳಿಗೇ ತಾನೂ ಅಂಟಿಕೊಂಡು ಮಿದುಳಿಗೆ ‘ಸಿಹಿ’ ಎಂದು ಸುಳ್ಳು ಸುದ್ದಿ ಕಳಿಸುತ್ತದೆ, ಅಷ್ಟೆ. ನಮ್ಮ ಅಜ್ಜನ ಕಾಫಿಗೆ ಇದರ ಮಾತ್ರೆ ಬೀಳುತ್ತಿತ್ತು. ಒಮ್ಮೆ ಕದ್ದು ನಾಲಗೆಯ ಮೇಲಿಟ್ಟುಕೊಂಡಿದ್ದೆ. ಮೊದಲು ಸಿಹಿ, ಹಿಂದೆಯೇ ತಗಡು ನೆಕ್ಕಿದಂಥ ಕಹಿ. ಮಾನ್ಸಾಂಟೊ ಕಥೆಯನ್ನು ಜನ ಸಾಮಾನ್ಯವಾಗಿ ರಾಕ್ಷಸ ಕಥೆಯಾಗಿ ಹೇಳುತ್ತಾರೆ. ನನಗೆ ಅದು ಹಗಲುವೇಷದವರ ಕಥೆಯಾಗಿ ಕಾಣುತ್ತದೆ. ಅದು ಮಾರಿದ ಮೊದಲ ಸರಕು ಒಂದು ವೇಷ, ಹೆಸರು ತಂದುಕೊಟ್ಟ ಸರಕೂ ಒಂದು ವೇಷವೇ.

ನಡುವಿನ ದಶಕಗಳ ಪಟ್ಟಿ ಉದ್ದವಿದೆ: ಕೆಫೀನ್, ವೆನಿಲಿನ್, ಆಸ್ಪಿರಿನ್, ಡಿ.ಡಿ.ಟಿ., ವಿಯೆಟ್ನಾಂ ಕಾಡುಗಳ ಎಲೆ ಉದುರಿಸಿದ ಏಜೆಂಟ್ ಆರೆಂಜ್. ಕೊನೆಯದನ್ನು ಡೌ ಮೊದಲಾದ ಇತರ ಕಂಪನಿಗಳೂ ತಯಾರಿಸಿದವು. ಅದರಲ್ಲಿ ಬೆರೆತಿದ್ದ ಡಯಾಕ್ಸಿನ್ ಎಂಬ ಕಲ್ಮಶವೇ ಎಲ್ಲಕ್ಕಿಂತ ಘೋರ ವಿಷ. ಆದರೆ ಇಲ್ಲಿ ನಿಂತು ನೋಡಬೇಕಾದದ್ದು ಅಲಬಾಮಾ ರಾಜ್ಯದ ಆನಿಸ್ಟನ್ ಎಂಬ ಊರನ್ನು. ಟ್ರಾನ್ಸ್‌ಫಾರ್ಮರುಗಳಿಗೆ ತುಂಬುವ ಪಿ.ಸಿ.ಬಿ. ಎಣ್ಣೆಯನ್ನು ಮಾನ್ಸಾಂಟೊ ಅಲ್ಲಿ ತಯಾರಿಸುತ್ತಿತ್ತು. 1966ರಲ್ಲಿ ಕಂಪನಿಯೇ ಕರೆಸಿದ್ದ ಸಂಶೋಧಕರು ಕಾರ್ಖಾನೆಯ ನೀರು ಸೇರುವ ಹಳ್ಳಕ್ಕೆ 25 ಮೀನುಗಳನ್ನು ಬಿಟ್ಟರು. ಹತ್ತು ಸೆಕೆಂಡಿನೊಳಗೆ ಮೀನುಗಳು ಮಗ್ಗುಲಾದವು. ಮೂರೂವರೆ ನಿಮಿಷದಲ್ಲಿ ಎಲ್ಲವೂ ಸತ್ತವು. ಊರಿನವರಿಗೆ ಇದನ್ನು ಯಾರೂ ಹೇಳಲಿಲ್ಲ. ಪಿ.ಸಿ.ಬಿ. ತಯಾರಿಕೆ ನಿಂತದ್ದು 1970ರ ದಶಕದಲ್ಲಿ. ಪರಿಹಾರದ ಒಪ್ಪಂದ ಆದದ್ದು 2003ರಲ್ಲಿ. ಈ ಕಂಪನಿಯ ಮಾತನ್ನು ಜನ ಮುಂದೆ ಯಾಕೆ ನಂಬಲಿಲ್ಲ ಎಂದು ಕೇಳುವ ವಿಜ್ಞಾನಿ ಮಿತ್ರರಿಗೆ ನಾನು ಮೊದಲು ಈ ಮೀನುಗಳನ್ನು ತೋರಿಸುತ್ತೇನೆ.

ಈಗ ವೇಷದ ವಿಷಯಕ್ಕೆ ಬರೋಣ. 1970ರಲ್ಲಿ ಜಾನ್ ಫ್ರಾಂಜ್ ಎಂಬ ಮಾನ್ಸಾಂಟೊ ವಿಜ್ಞಾನಿಯ ಮುಂದೆ ಗಡಸು ನೀರನ್ನು ಮೆದುಗೊಳಿಸಲೆಂದು ತಯಾರಿಸಿದ್ದ ಕೆಲವು ರಾಸಾಯನಿಕಗಳಿದ್ದವು. ಅವುಗಳಲ್ಲಿ ಎರಡಕ್ಕೆ ಕಳೆ ಕೊಲ್ಲುವ ಗುಣ ಅಲ್ಪಸ್ವಲ್ಪ ಇತ್ತು. ಅದರ ಜಾಡು ಹಿಡಿದು ಹೋದ ಅವರಿಗೆ ಸಿಕ್ಕಿದ್ದು ಗ್ಲೈಫೋಸೇಟ್. 1974ರಲ್ಲಿ ಅದು ‘ರೌಂಡಪ್’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಅದು ಗಿಡವನ್ನು ಹೇಗೆ ಕೊಲ್ಲುತ್ತದೆ ಎಂಬುದು ಮಾತ್ರ ಸ್ಪಷ್ಟವಾದದ್ದು 1980ರಲ್ಲಿ. ಅಂದರೆ ಆರು ವರ್ಷ ಜಗತ್ತು ಕಾರಣ ಪೂರ್ತಿ ತಿಳಿಯದೆಯೇ ಅದನ್ನು ಸಿಂಪಡಿಸಿತು.

ಇದನ್ನು ‘ಗಿಡ ಸುಡುವ ಆ್ಯಸಿಡ್’ ಎಂದುಕೊಂಡವರೇ ಹೆಚ್ಚು. ಅದು ಸುಡುವುದಿಲ್ಲ, ಉಪವಾಸ ಕೆಡವುತ್ತದೆ. ಗಿಡ ತನ್ನ ಪ್ರೋಟೀನಿಗೆ ಬೇಕಾದ ಮೂರು ಅಮೈನೊ ಆಮ್ಲಗಳನ್ನು ತಾನೇ ಬೇಯಿಸಿಕೊಳ್ಳುತ್ತದೆ. ಆ ಅಡುಗೆಯ ಒಂದು ಹಂತದಲ್ಲಿ ಇ.ಪಿ.ಎಸ್.ಪಿ.ಎಸ್. ಎಂಬ ಕಿಣ್ವ ಕೆಲಸ ಮಾಡುತ್ತದೆ. ಅದನ್ನು ಇಬ್ಬರು ಕೂರುವ ಬಸ್ ಸೀಟು ಎಂದುಕೊಳ್ಳಿ. ಕಿಟಕಿಯ ಪಕ್ಕ ಶಿಕಿಮೇಟಿನಿಂದಾದ ಒಂದು ಅಣು ಮೊದಲು ಬಂದು ಕೂರುತ್ತದೆ. (ಶಿಕಿಮಿ ಎಂಬುದು ಜಪಾನಿನ ಒಂದು ಹೂವಿನ ಹೆಸರು, ನಮ್ಮ ಬಿರಿಯಾನಿಯ ಚಕ್ರಮೊಗ್ಗಿನ ವಿಷಪೂರಿತ ದಾಯಾದಿ.) ಪಕ್ಕದ ಜಾಗ ಪಿ.ಇ.ಪಿ. ಎಂಬ ಇನ್ನೊಂದು ಅಣುವಿಗೆ. ಎರಡೂ ಕೂತರೆ ಬಸ್ಸು ಹೊರಡುತ್ತದೆ. ಗ್ಲೈಫೋಸೇಟ್ ಮಾಡುವುದು ಇಷ್ಟೆ: ಪಿ.ಇ.ಪಿ.ಯ ವೇಷದಲ್ಲಿ ಬಂದು ಅದು ಕೂರುವ ಜಾಗಕ್ಕೆ ಕಿಟಕಿಯಿಂದ ಟವೆಲ್ ಹಾಕುತ್ತದೆ. ಸೀಟು ಹಿಡಿದಾಯಿತು, ಪ್ರಯಾಣಿಕರಿಲ್ಲ, ಬಸ್ಸು ಹೊರಡುವುದೂ ಇಲ್ಲ. ಅಥವಾ ಮದುವೆ ಮನೆಯ ಪಂಕ್ತಿಯಲ್ಲಿ ಎಲೆಯ ಮುಂದೆ ಕೂತು ಉಣ್ಣದೆ ಏಳದೆ ಇರುವ ಅತಿಥಿಯನ್ನು ನೆನೆಯಿರಿ. ಹಿಂದಿನ ಪಂಕ್ತಿಯವರೆಲ್ಲ ಹಸಿದು ನಿಲ್ಲಬೇಕು. ಹಾಗಾಗಿಯೇ ಸಿಂಪಡಿಸಿದ ಮರುದಿನ ಗಿಡ ಏನೂ ಆಗದಂತೆ ನಿಂತಿರುತ್ತದೆ, ವಾರ ಹತ್ತು ದಿನಗಳಲ್ಲಿ ಹಳದಿಗೆ ತಿರುಗುತ್ತದೆ.

ನಮ್ಮ ದೇಹದಲ್ಲಿ ಈ ಬಸ್ಸೇ ಇಲ್ಲ. ಆ ಅಮೈನೊ ಆಮ್ಲಗಳು ನಮಗೆ ತೊಗರಿಬೇಳೆಯಿಂದಲೋ ಮೊಟ್ಟೆಯಿಂದಲೋ ಬರುತ್ತವೆ. ಕಂಪನಿ ಇದನ್ನೇ ದೊಡ್ಡದಾಗಿ ಸಾರಿತು. ಆದರೆ ಬಸ್ಸಿಲ್ಲ ಎಂದ ಮಾತ್ರಕ್ಕೆ ಟವೆಲ್ಲಿನಿಂದ ಬೇರಾವ ತೊಂದರೆಯೂ ಇಲ್ಲ ಎಂದಾಗುವುದಿಲ್ಲ. ಡಬ್ಬಿಯಲ್ಲಿ ಸೋಪಿನಂಥ ಬೇರೆ ರಾಸಾಯನಿಕಗಳೂ ಇರುತ್ತವೆ. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಗ್ಲೈಫೋಸೇಟನ್ನು ‘ಬಹುಶಃ ಕ್ಯಾನ್ಸರ್‌ಕಾರಕ’ ಪಟ್ಟಿಗೆ ಸೇರಿಸಿತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಒಪ್ಪಲಿಲ್ಲ. ಜಗಳ ಇನ್ನೂ ಮುಗಿದಿಲ್ಲ.

ಟವೆಲ್ಲಿಗೆ ಬಗ್ಗದ ಬೆಳೆ ಇದ್ದರೆ ಹೊಲಕ್ಕೆಲ್ಲ ರೌಂಡಪ್ ಹೊಡೆದು ಕಳೆಯನ್ನಷ್ಟೇ ಕೊಲ್ಲಬಹುದಲ್ಲ? ಅಂಥ ಜೀನಿಗಾಗಿ ವಿಜ್ಞಾನಿಗಳು ವರ್ಷಗಟ್ಟಲೆ ತಡಕಾಡಿದರು. ಕೊನೆಗೆ ಸಿಕ್ಕಿದ್ದು ತಮ್ಮದೇ ಕಾರ್ಖಾನೆಯ ಕೊಳಚೆಯಲ್ಲಿ! ಲೂಸಿಯಾನಾ ರಾಜ್ಯದ ಲೂಲಿಂಗ್‌ನ ಗ್ಲೈಫೋಸೇಟ್ ಕಾರ್ಖಾನೆಯ ತ್ಯಾಜ್ಯ ಹರಿಯುವ ಕೊಳವೆಯಲ್ಲಿ ಒಂದು ಬ್ಯಾಕ್ಟೀರಿಯಾ ಹಾಯಾಗಿ ಬದುಕಿತ್ತು. ಸಿ.ಪಿ.4 ಎಂದು ಅದರ ಹೆಸರು. ಅದರ ಕಿಣ್ವದ ಸೀಟಿನಲ್ಲಿ ಒಂದು ಕಡೆ ಗ್ಲೈಸಿನ್ ಎಂಬ ಅಮೈನೊ ಆಮ್ಲದ ಬದಲು ಅಲನಿನ್ ಇತ್ತು, ಎಂದರೆ ಒಂದು ಇಂಗಾಲದ ಪರಮಾಣುವಿನಷ್ಟು ಉಬ್ಬು. ಆ ಉಬ್ಬಿನಿಂದಾಗಿ ಪಿ.ಇ.ಪಿ.ಗೆ ತೊಂದರೆಯಿಲ್ಲ, ಟವೆಲ್ ಮಾತ್ರ ಚಾಚಿಕೊಂಡು ಕೂರಲಾಗದೆ ಜಾರುತ್ತದೆ. ಆ ಜೀನನ್ನು ಸೋಯಾಬೀನಿಗೆ ಸೇರಿಸಿ 1996ರಲ್ಲಿ ಮಾರಿದರು. ಸೇಂಟ್ ಲೂಯಿಸ್‌ನ ರಸಾಯನ ಕಂಪನಿ ಹೀಗೆ ಬೀಜದ ಕಂಪನಿಯಾಯಿತು.

ನಮ್ಮಲ್ಲಿ ಅದರ ಹೆಸರು ಮನೆಮಾತಾದದ್ದು 1998ರ ನವೆಂಬರ್‌ನಲ್ಲಿ. ಪ್ರೊ. ಎಂ. ಡಿ. ನಂಜುಂಡಸ್ವಾಮಿಯವರ ನೇತೃತ್ವದ ರೈತ ಸಂಘ ರಾಯಚೂರು ಜಿಲ್ಲೆಯಲ್ಲಿ ಮಾನ್ಸಾಂಟೊ ಜೀನಿನ ಬಿ.ಟಿ. ಹತ್ತಿಯ ಪ್ರಯೋಗ ತಾಕುಗಳನ್ನು ಕಿತ್ತು ಸುಟ್ಟಿತು. ‘ಟರ್ಮಿನೇಟರ್ ಬೀಜ, ಮರಳಿ ಹುಟ್ಟುವುದಿಲ್ಲ’ ಎಂಬ ಮಾತು ಆಗ ಹಬ್ಬಿದ್ದು ಇಂದಿಗೂ ನಿಂತಿಲ್ಲ. ಟರ್ಮಿನೇಟರ್ ತಂತ್ರಕ್ಕೆ ಆ ವರ್ಷ ಪೇಟೆಂಟ್ ಸಿಕ್ಕಿದ್ದು ನಿಜ, ಅದನ್ನು ಪಡೆದ ಕಂಪನಿಯನ್ನು ಕೊಳ್ಳಲು ಮಾನ್ಸಾಂಟೊ ಹೊರಟಿದ್ದೂ ನಿಜ. ಆದರೆ ಆ ಬೀಜ ಯಾವ ದೇಶದಲ್ಲೂ ಮಾರಾಟಕ್ಕೆ ಬರಲಿಲ್ಲ. ಬಳಸುವುದಿಲ್ಲವೆಂದು ಮಾನ್ಸಾಂಟೊ 1999ರಲ್ಲಿ ಘೋಷಿಸಿತು. ಬಿ.ಟಿ. ಹತ್ತಿಯಲ್ಲಿದ್ದುದು ಕಾಯಿಕೊರಕ ಹುಳುವಿನ ಕರುಳು ತೂತು ಮಾಡುವ ಬೇರೆಯದೇ ಜೀನು. ಅದರ ಮೂಲವಾದ ಬ್ಯಾಕ್ಟೀರಿಯಾವನ್ನು ಜಪಾನಿನ ವಿಜ್ಞಾನಿ ಇಶಿವಾಟಾ, ರೋಗ ಬಂದ ರೇಷ್ಮೆಹುಳುಗಳಲ್ಲಿ ಗುರುತಿಸಿದ್ದು, ಕಾಕತಾಳೀಯವಾಗಿ, 1901ರಲ್ಲೇ.

ಹಾಗಾದರೆ ಪ್ರತಿ ವರ್ಷ ಬೀಜ ಕೊಳ್ಳಬೇಕಾದದ್ದು ಏಕೆ? ಅದು ಹೈಬ್ರಿಡ್ ಎಂಬ ಕಾರಣಕ್ಕೆ. ಆ ದಾರಿಯಲ್ಲಿ ನಾವು ಮೊದಲೇ ನಡೆದಿದ್ದೆವು: ಡಾ. ಬಿ. ಎಚ್. ಕತಾರಕಿಯವರು ಧಾರವಾಡದಲ್ಲಿ ರೂಪಿಸಿದ ‘ವರಲಕ್ಷ್ಮಿ’ ಹತ್ತಿ 1972ರದು. ಹೈಬ್ರಿಡ್ ಬೀಜದ ಹೊಲದಲ್ಲಿ ಸಂಜೆ, ನಾಳೆ ಅರಳಲಿರುವ ಮೊಗ್ಗನ್ನು ಹಿಡಿದು ಹೆಬ್ಬೆರಳ ಉಗುರಿನಿಂದ ಸುತ್ತ ಸೀಳಿ, ದಳದ ಜೊತೆ ಕೇಸರಗಳನ್ನೂ ಸುಲಿದು ತೆಗೆಯುತ್ತಾರೆ. ಮರುದಿನ ಬೆಳಿಗ್ಗೆ ಗಂಡು ಸಾಲಿನ ಹೂ ತಂದು ಉಳಿದ ಶಲಾಕೆಯ (ಹೂವಿನ ಹೆಣ್ಣು ಕಡ್ಡಿಯ) ತುದಿಗೆ ಸವರುತ್ತಾರೆ. ಹೂವಿಗೊಂದರಂತೆ ಕೈಯಲ್ಲೇ ಆಗಬೇಕು. ಹೀಗೆ ಹುಟ್ಟಿದ ಬೀಜದ ಮಕ್ಕಳು ಮೊಳೆಯುತ್ತವೆ, ಆದರೆ ಒಂದೊಂದೂ ಒಂದೊಂದು ಥರ. 2002ರಲ್ಲಿ ಮಹಿಕೋ ಎಂಬ ಬೀಜ ಕಂಪನಿಯ ಮೂಲಕ ಬಿ.ಟಿ. ಹತ್ತಿ ಬಂದಾಗ ಅದು ಬಂದದ್ದು ಇಂಥ ಹೈಬ್ರಿಡ್ ರೂಪದಲ್ಲೇ. ಬೀಜ ಬಂಜೆಯಾಗಿರಲಿಲ್ಲ, ರೈತನ ಜೇಬಿಗೆ ಬಿದ್ದ ಹೊರೆ ಮಾತ್ರ ನಿಜವಾಗಿತ್ತು.

2018ರಲ್ಲಿ ಜರ್ಮನಿಯ ಬೇಯರ್ ಮಾನ್ಸಾಂಟೊವನ್ನು ಕೊಂಡು, ಮೊದಲ ಕೆಲಸವೆಂಬಂತೆ ಆ ಹೆಸರನ್ನು ಕೈಬಿಟ್ಟಿತು.

ಅಷ್ಟರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಹತ್ತಿ ಹೊಲಗಳಲ್ಲಿ ರೌಂಡಪ್ಪಿಗೆ ಸಾಯದ ಕಳೆಯೊಂದು ಎದ್ದು ನಿಂತಿತ್ತು. ಪಾಮರ್ ಅಮರಾಂತ್ ಎಂದು ಅದರ ಹೆಸರು. ನಮ್ಮ ಹರಿವೆ ಸೊಪ್ಪಿನ ಕುಲದ್ದೇ. ವಿಜ್ಞಾನಿಗಳು ಅದರ ಕಿಣ್ವದಲ್ಲಿ ಸಿ.ಪಿ.4ರಂಥ ಉಬ್ಬಿಗಾಗಿ ಹುಡುಕಿದರು. ಇರಲಿಲ್ಲ. ಸೀಟು ಹಳೆಯದೇ, ಟವೆಲ್ ಹಾಕಿದರೆ ಈಗಲೂ ಹಿಡಿಯುತ್ತದೆ. ಹರಿವೆ ಮಾಡಿದ್ದು ಬೇರೆಯೇ ಉಪಾಯ: ಆ ಜೀನಿನ ನಕಲುಗಳನ್ನು ಐದರಿಂದ ನೂರ ಅರವತ್ತು ಪಟ್ಟು ಹೆಚ್ಚಿಸಿಕೊಂಡಿತ್ತು. ನಿಲ್ದಾಣದಲ್ಲಿ ನೂರಾರು ಬಸ್ಸುಗಳು ಸಾಲಾಗಿ ನಿಂತಿದ್ದವು, ಕಂಪನಿಯ ಕೈಯಲ್ಲಿ ಟವೆಲ್ಲುಗಳು ಸಾಲುತ್ತಿರಲಿಲ್ಲ.