ಜಿಲ್ಲೆಯ ಹೆಸರು ಬದಲಿಸಿದರೆ ಹೊಸ ಸಂಶೋಧನೆ ಆಗುವುದಿಲ್ಲ

ಪಿಎಚ್‌ಡಿ ಅರ್ಜಿ ಕರೆದಾಗಲೆಲ್ಲ ಶಿಕ್ಷಣ ವಿಭಾಗದ ನನ್ನ ಮೇಜಿನ ಮೇಲೆ ಸಿನಾಪ್ಸಿಸ್‌ಗಳ, ಅಂದರೆ ಸಂಶೋಧನೆಯ ಕರಡು ಯೋಜನೆಗಳ, ರಾಶಿ ಬೀಳುತ್ತದೆ. ಹೆಚ್ಚಿನವುಗಳಲ್ಲಿ ‘ರಿಸರ್ಚ್ ಗ್ಯಾಪ್’ (ಈವರೆಗೆ ಯಾರೂ ಸಂಶೋಧಿಸದ ಭಾಗ) ಅನ್ನುವ ತಲೆಬರಹದ ಕೆಳಗೆ ಒಂದೇ ಸಾಲು ಇರುತ್ತದೆ: ವಿಜಯಪುರ ಜಿಲ್ಲೆಯಲ್ಲಿ ಈ ವಿಷಯದ ಮೇಲೆ ಯಾವ ಅಧ್ಯಯನವೂ ನಡೆದಿಲ್ಲ. ಸಂದರ್ಶನದಲ್ಲಿ ಕೇಳಿದರೂ ಅದೇ ಉತ್ತರ. “ಮೈಸೂರಾಗ ಮಾಡ್ಯಾರ್ರಿ ಮೇಡಂ, ನಮ್ಮ ಕಡೆ ಯಾರೂ ಮಾಡಿಲ್ರಿ.” ಹೇಳುವಾಗ ಮುಖದಲ್ಲಿ ಎಷ್ಟು ಭರವಸೆ ಇರುತ್ತದೆ ಅಂದರೆ, ಬೇಡ ಅನ್ನಲು ಮನಸ್ಸೇ ಬರುವುದಿಲ್ಲ. ಆದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮದ ಪ್ರಕಾರ ಪಿಎಚ್‌ಡಿಗೆ ಕನಿಷ್ಠ 3 ವರ್ಷ ಬೇಕು. ಉತ್ತರ ಮೊದಲೇ ಗೊತ್ತಿರುವ ಪ್ರಶ್ನೆಗೆ ಯಾಕೆ ಅಷ್ಟು ವರ್ಷ ಕೊಡಬೇಕು?

ಈ ತೊಂದರೆ ಶುರುವಾಗುವುದು ವಿಭಾಗದ ‘ಸಂಶೋಧನಾ ಕ್ಷೇತ್ರಗಳು’ ಪಟ್ಟಿಯಿಂದ. ಶೈಕ್ಷಣಿಕ ಮನೋವಿಜ್ಞಾನ, ಶಿಕ್ಷಕರ ಶಿಕ್ಷಣ, ಶೈಕ್ಷಣಿಕ ತಂತ್ರಜ್ಞಾನ, ಸಮನ್ವಯ ಶಿಕ್ಷಣ, ಮಹಿಳಾ ಶಿಕ್ಷಣ, ಮೌಲ್ಯಮಾಪನ. ಯಾವ ಶಿಕ್ಷಣ ವಿಭಾಗಕ್ಕೆ ಹೋದರೂ ಪಟ್ಟಿ ಸುಮಾರಾಗಿ ಇದೇ. ಅಭ್ಯರ್ಥಿಗಳು ಅದರಲ್ಲಿ ಒಂದನ್ನು ಆರಿಸಿ, ತಮಗೆ ವಿಷಯ ಸಿಕ್ಕಿತು ಅಂದುಕೊಳ್ಳುತ್ತಾರೆ. ಓಣಿಯ ಹೆಸರು ಗೊತ್ತಾದರೆ ಮನೆ ಸಿಕ್ಕ ಹಾಗಲ್ಲ, ಅಲ್ವಾ? ಆ ಪಟ್ಟಿಯಿಂದ ಯಾವ ಗೈಡ್ (ಮಾರ್ಗದರ್ಶಕರು) ಹತ್ತಿರ ಹೋಗಬೇಕು ಅನ್ನುವುದು ಮಾತ್ರ ತಿಳಿಯುತ್ತದೆ. ಪ್ರಶ್ನೆಯನ್ನು ನೀವೇ ತರಬೇಕು.

ಪ್ರಶ್ನೆ ಇಲ್ಲದಾಗ ಏನಾಗುತ್ತದೆ? ಎರಡು ವೇರಿಯಬಲ್, ಅಂದರೆ ಅಳೆಯುವ ಅಂಶ, ಹಿಡಿಯುತ್ತಾರೆ. ಅಧ್ಯಯನ ಅಭ್ಯಾಸ ಒಂದು, ಶೈಕ್ಷಣಿಕ ಸಾಧನೆ ಇನ್ನೊಂದು. ಯಾರೋ ಮಾಡಿಟ್ಟ ಟೂಲ್ (ಅಳೆಯುವ ಪ್ರಶ್ನಾವಳಿ) ತಂದು ಕನ್ನಡಕ್ಕೆ ಇಳಿಸುತ್ತಾರೆ. ಗಂಡು–ಹೆಣ್ಣು, ಗ್ರಾಮೀಣ–ನಗರ, ಸರ್ಕಾರಿ–ಖಾಸಗಿ ಅಂತ ಗುಂಪು ಮಾಡಿ ಎರಡು ಗುಂಪಿನ ಸರಾಸರಿ ಹೋಲಿಸುವ ಟಿ-ಟೆಸ್ಟ್ ಹಚ್ಚುತ್ತಾರೆ. ಕೊನೆಗೆ ಗ್ರಾಮೀಣ ಮತ್ತು ನಗರ ವಿದ್ಯಾರ್ಥಿಗಳ ನಡುವೆ ಗಣನೀಯ ವ್ಯತ್ಯಾಸ ಇದೆ ಅಂತ ಬರೆಯುತ್ತಾರೆ. ಯಾಕೆ ಇದೆ ಅಂತ ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಕೇಳಿದರೆ ಉತ್ತರ ಬರುವುದಿಲ್ಲ. ಬರುವುದಾದರೂ ಹೇಗೆ? ಬೋರ್‌ವೆಲ್ ಇರುವ, ದ್ರಾಕ್ಷಿ ಬೆಳೆಯುವ ತಿಕೋಟಾ ಕಡೆಯ ಊರೂ ಗ್ರಾಮೀಣ, ಜನ ದುಡಿಯಲು ಗುಳೆ ಹೋಗಿ ಅರ್ಧ ಮನೆಗಳಿಗೆ ಬೀಗ ಬೀಳುವ ತಾಂಡಾವೂ ಗ್ರಾಮೀಣ. ಎರಡನ್ನೂ ಒಂದೇ ಖಾನೆಯಲ್ಲಿ ತುಂಬಿದ ಮೇಲೆ ಯಾವ ಲೆಕ್ಕವೂ ಕಾರಣ ಹೇಳುವುದಿಲ್ಲ.

ಹಾಗಾಗಿ ನಾನು ಒಂದು ಪರೀಕ್ಷೆ ಮಾಡಿಸುತ್ತೇನೆ. ನಿಮ್ಮ ಶೀರ್ಷಿಕೆಯಲ್ಲಿ ವಿಜಯಪುರ ಅಳಿಸಿ ತುಮಕೂರು ಅಂತ ಬರೆಯಿರಿ. ಉಳಿದ ಸಿನಾಪ್ಸಿಸ್‌ನಲ್ಲಿ ಏನಾದರೂ ಬದಲಿಸಬೇಕಾಯಿತೇ? ಪ್ರಾಕಲ್ಪನೆ (ಪರೀಕ್ಷಿಸಬೇಕಾದ ಊಹೆ), ಟೂಲ್, ಸ್ಯಾಂಪಲ್ ಆರಿಸುವ ರೀತಿ, ಯಾವುದೂ ಬದಲಾಗದಿದ್ದರೆ ಅಲ್ಲಿ ಜಿಲ್ಲೆಗೆ ಏನೂ ಕೆಲಸವಿಲ್ಲ. ಸುಮ್ನೆ ಹೆಸರಿಗೆ ಇದೆ. ಮೇಲಿನ ಅಧ್ಯಯನ ಅಭ್ಯಾಸದ ಶೀರ್ಷಿಕೆಯನ್ನು ಹೀಗೆ ನೋಡಿ. ಒಂದಕ್ಷರವೂ ಅಲುಗಾಡುವುದಿಲ್ಲ.

ಈಗ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಮರಾಠಿ ಮಾಧ್ಯಮದ ಶಾಲೆ ತೆಗೆದುಕೊಳ್ಳಿ. ಕನ್ನಡ ಭಾಷಾ ಕಲಿಕೆ ಅಧಿನಿಯಮ 2015ರಲ್ಲಿ ಬಂತು. ಮಗು ಕನ್ನಡವನ್ನು ಮೊದಲ ಅಥವಾ ಎರಡನೇ ಭಾಷೆಯಾಗಿ ಕಲಿಯಲೇಬೇಕು. ಮನೆಯಲ್ಲಿ ಕನ್ನಡ ಇಲ್ಲದ ಮಗು ನಾಲ್ಕನೇ ತರಗತಿಗೆ ಬಂದಾಗ ಕನ್ನಡದ ಪಾಠವನ್ನು ಅರ್ಥ ಮಾಡಿಕೊಂಡು ಓದುತ್ತದೆಯೇ, ಅಥವಾ ಅಕ್ಷರ ಮಾತ್ರ ಕೂಡಿಸುತ್ತದೆಯೇ? ಈ ಪ್ರಶ್ನೆಯನ್ನು ಎತ್ತಿ ತುಮಕೂರಿಗೆ ಒಯ್ಯಲು ಆಗುವುದಿಲ್ಲ. ಒಯ್ದರೆ ಅರ್ಧ ಅಲ್ಲೇ ಬಿದ್ದುಹೋಗುತ್ತದೆ. ಇಲ್ಲಿ ಊರು ಕೆಲಸ ಮಾಡುತ್ತಿದೆ.

ಬಾಗಲಕೋಟೆಯದೂ ಹಾಗೇ. ಆಲಮಟ್ಟಿ ಹಿನ್ನೀರಿನಿಂದ ಮನೆ ಕಳೆದುಕೊಂಡವರು ನವನಗರಕ್ಕೆ, ಪುನರ್ವಸತಿ ಕೇಂದ್ರಗಳಿಗೆ ಹೋದರು. ಊರಿನ ಜೊತೆ ಶಾಲೆಯೂ ಹೋದಾಗ, ಹಳೆಯ ಊರಲ್ಲಿ ಶಾಲೆಗೆ ನಿಂತಿದ್ದ ಜನರ ಬೆಂಬಲ ಏನಾಯಿತು? ಇಳಕಲ್, ಗುಳೇದಗುಡ್ಡದ ನೇಕಾರರ ಮನೆಯಲ್ಲಿ ದಿನದ ಶಾಲೆ ಮುಗಿದ ಮೇಲೆ ಕಂಡಿಕೆ (ನೂಲಿನ ಸುರುಳಿ) ಸುತ್ತುವ ಹುಡುಗಿಗೆ ಹೋಮ್‌ವರ್ಕ್‌ಗೆ ಎಷ್ಟು ಹೊತ್ತು ಸಿಗುತ್ತದೆ? ಇವುಗಳಿಂದ ಪ್ರಬಂಧ ಆಗೇ ಆಗುತ್ತದೆ ಅಂತ ನಾನು ಹೇಳುತ್ತಿಲ್ಲ. ಹುಡುಕಿದರೆ ಈಗಾಗಲೇ ಯಾರಾದರೂ ಮಾಡಿರಬಹುದು.

ಹುಡುಕುವ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ‘ಯಾರೂ ಮಾಡಿಲ್ಲ’ ಅನ್ನುವುದು ಎಷ್ಟೋ ಸಲ ನಿಜವೇ ಅಲ್ಲ. ಪಿಎಚ್‌ಡಿ ಪ್ರಬಂಧಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾದಲ್ಲಿ ‘ವಿಜಯಪುರ’ ಅಂತ ಟೈಪ್ ಮಾಡಿ, ಏನೂ ಬರಲಿಲ್ಲ ಅಂತ ಮುಚ್ಚುತ್ತಾರೆ. ಈ ಊರಿನ ಹೆಸರು ಅಧಿಕೃತವಾಗಿ ಬದಲಾದದ್ದು 2014ರಲ್ಲಿ. ಅದಕ್ಕಿಂತ ಹಿಂದಿನ ಪ್ರಬಂಧಗಳು ‘ಬಿಜಾಪುರ’ದ ಹೆಸರಲ್ಲಿ ಇರುತ್ತವೆ. ಹಾಗೆ ಹುಡುಕಿದರೆ ಛತ್ತೀಸಗಡದ ಬಿಜಾಪುರ ಜಿಲ್ಲೆಯೂ ಬಂದು ಸೇರಿಕೊಳ್ಳುತ್ತದೆ. ಅದನ್ನು ಬೇರೆ ಮಾಡಬೇಕು. ಬಾಗಲಕೋಟೆ ಜಿಲ್ಲೆ ಆದದ್ದು 1997ರಲ್ಲಿ. ಅದಕ್ಕೂ ಮೊದಲು ಬಾದಾಮಿ, ಹುನಗುಂದ, ಜಮಖಂಡಿಯ ಶಾಲೆಗಳ ಮೇಲಿನ ಕೆಲಸ ಬಿಜಾಪುರ ಜಿಲ್ಲೆಯದೆಂದೇ ದಾಖಲಾಗಿರುತ್ತದೆ. ವಿಜಯಪುರದ ಮಹಿಳಾ ವಿಶ್ವವಿದ್ಯಾಲಯ 2003ರದು, ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ 2010ರದು. ಅದಕ್ಕಿಂತ ಹಳೆಯ ಪ್ರಬಂಧ ಬೇಕಾದರೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಹೋಗಿ. ಎಲ್ಲವೂ ಆನ್‌ಲೈನ್ ಇರುತ್ತದೆ ಅಂತ ನಂಬಬೇಡಿ.

ಒಬ್ಬರು ಮಾಡಿದ್ದನ್ನು ಇನ್ನೊಂದು ಕಡೆ ಮಾಡಲೇಬಾರದು ಅಂತ ಇದರ ಅರ್ಥ ಅಲ್ಲ. ಹಳೆಯ ಫಲಿತಾಂಶ ನಿಲ್ಲುತ್ತದೆಯೇ ಅಂತ ಮತ್ತೆ ಪರೀಕ್ಷಿಸುವುದು ಒಳ್ಳೆಯ ಕೆಲಸ. ಆದರೆ ಆಗ ಅದೇ ಟೂಲ್, ಅದೇ ವಿಧಾನ ಇಟ್ಟುಕೊಂಡು, ಇಲ್ಲಿ ಫಲಿತಾಂಶ ಯಾಕೆ ಬೇರೆ ಬರಬಹುದು ಅಂತ ಮೊದಲೇ ಹೇಳಬೇಕು. ಇದನ್ನು ಸಮಿತಿಗಳು ಒಂದೇ ರೀತಿ ನೋಡುವುದಿಲ್ಲ. ನಿಮ್ಮ ಗೈಡ್ ಜೊತೆ ಮಾತಾಡಿಯೇ ಮುಂದೆ ಹೋಗಿ.

ನನ್ನ ಹತ್ತಿರ ಬರುವವರಲ್ಲಿ ಜಾಸ್ತಿ ಜನ ಶಾಲಾ ಶಿಕ್ಷಕಿಯರು. ಶಾಲೆ, ಮನೆ ಮುಗಿಸಿ ಬಸ್ಸಿನಲ್ಲಿ ಬರುತ್ತಾರೆ. ಅವರ ಮೇಲೆ ನನಗೆ ಬಹಳ ಗೌರವ. ಅದಕ್ಕೇ ಬೇಜಾರೂ ಜಾಸ್ತಿ. ನನಗೆ ಗೊತ್ತಿಲ್ಲದ್ದು ಅವರಿಗೆ ಗೊತ್ತಿರುತ್ತದೆ, ಆದರೆ ಸಂಶೋಧನೆ ಅಂದರೆ ಬೇರೆ ಏನೋ ಅಂದುಕೊಂಡು ಅದನ್ನು ಹೊರಗೇ ಬಿಟ್ಟು ಬರುತ್ತಾರೆ. ಇಂಡಿ ಕಡೆಯ ಒಬ್ಬ ಶಿಕ್ಷಕಿ ‘ಮನೆಯ ವಾತಾವರಣ ಮತ್ತು ಶೈಕ್ಷಣಿಕ ಸಾಧನೆ’ ಅಂತ ಬರೆದು ತಂದಿದ್ದರು. ಅದನ್ನು ಪಕ್ಕಕ್ಕಿಟ್ಟು, ನಿಮ್ಮ ತರಗತಿಯಲ್ಲಿ ಏನು ನಡೆಯುತ್ತದೆ ಹೇಳಿ ಅಂದೆ. “ದೀಪಾವಳಿ ಆದ ಮ್ಯಾಲ ಹುಡುಗ್ರೇ ಇರೂದಿಲ್ರಿ ಮೇಡಂ. ಕಬ್ಬು ಕಡಿಯೋ ಗ್ಯಾಂಗಿನ ಜೋಡಿ ಹೊಕ್ಕಾವ. ಸಣ್ಣ ಕೂಸು ಇದ್ರ, ಅದನ್ನ ನೋಡ್ಕೊಳ್ಳಾಕ ದೊಡ್ಡ ಹುಡುಗಿ ಹೋಗಬೇಕಾಗತೈತಿ. ಹೊಳ್ಳಿ ಬಂದಾಗ ಓದೂದು ಮರ್ತಿರ್ತಾವ, ಬಾಯಿಲೆಕ್ಕ ಮಾತ್ರ ಚಲೋ ಮಾಡ್ತಾವ.”

ಪ್ರಶ್ನೆ ಅಲ್ಲೇ ಇತ್ತು. ಓದು ಹೋಗಿ ಬಾಯಿಲೆಕ್ಕ ಯಾಕೆ ಉಳಿಯಿತು? ಅಜ್ಜಿಯ ಹತ್ತಿರ ಊರಲ್ಲೇ ಉಳಿದ ಮಗುವಿಗೂ ಗ್ಯಾಂಗಿನ ಜೊತೆ ಹೋದ ಮಗುವಿಗೂ ಏನು ವ್ಯತ್ಯಾಸ? ಒಂದು ತರಗತಿಯಲ್ಲಿ ಕಂಡದ್ದು ಎಲ್ಲ ಕಡೆ ನಿಜವಾಗಿರಬೇಕೆಂದಿಲ್ಲ. ಬಾಯಿಲೆಕ್ಕದ ಮಾತು ಅವರ ಊಹೆಯೂ ಇರಬಹುದು. ಅದನ್ನು ತಿಳಿಯುವುದೇ ಸಂಶೋಧನೆಯ ಕೆಲಸ.

ಇಂಥ ವಿಷಯ ಹಿಡಿಯುವವರು ಕ್ಯಾಲೆಂಡರ್ ಮೊದಲು ನೋಡಿಕೊಳ್ಳಿ. ಕುಟುಂಬಗಳು ಹೊರಡುವ ಮೊದಲೇ, ಅಂದರೆ ಸೆಪ್ಟೆಂಬರ್ ಒಳಗೆ, ಮಕ್ಕಳ ಮೊದಲ ಪರೀಕ್ಷೆ ಮುಗಿದಿರಬೇಕು. ಎರಡನೆಯದು ಅವರು ವಾಪಸ್ ಬಂದ ಮೇಲೆ, ಬೇಸಿಗೆ ರಜೆಗೆ ಮುಂಚೆ. ಅವರು ಬಂದದ್ದಕ್ಕೂ ರಜೆಗೂ ನಡುವಿನ ದಿನಗಳು ಬಹಳ ಕಡಿಮೆ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಿಂದ ಅನುಮತಿ ಪತ್ರ ಜೂನ್‌ನಲ್ಲೇ ಕೇಳಿ. ಹಾಜರಿ ಪುಸ್ತಕವನ್ನೊಂದೇ ನಂಬದೆ ತಿಂಗಳಿಗೊಮ್ಮೆ ನೀವೇ ಹೋಗಿ ತಲೆ ಎಣಿಸಿ.