ಐಐಎಸ್ಸಿಯೋ, ಪುಣೆ ಐಸರೋ? ಚಳ್ಳಕೆರೆಯಂತೂ ಅಲ್ಲ!

"ಸರ್, ಮಗಳು ಸೆಕೆಂಡ್ ಪಿಯುಸಿ. ಇಂಜಿನಿಯರಿಂಗೂ ಬೇಡ, ಮೆಡಿಕಲ್ಲೂ ಬೇಡ, ಸೈನ್ಸೇ ಓದ್ತೀನಿ ಅಂತಾಳೆ. ಬೆಂಗಳೂರಿನ ಐಐಎಸ್ಸಿಗೆ ಕಳಿಸೋದಾ, ಪುಣೆ ಐಸರ್‌ಗಾ?"

ಈ ವರ್ಷ ಇದನ್ನು ಕೇಳಿದವರಲ್ಲಿ ನೀವು ಎಷ್ಟನೆಯವರೋ, ಎಣಿಸೋದು ಬಿಟ್ಟಿದ್ದೇನೆ. ಐಐಎಸ್ಸಿ ಅಂದರೆ ಭಾರತೀಯ ವಿಜ್ಞಾನ ಸಂಸ್ಥೆ, ಐಸರ್ ಅಂದರೆ ವಿಜ್ಞಾನದ ಓದು, ಸಂಶೋಧನೆಗೆಂದೇ ಇರುವ ಕೇಂದ್ರ ಸರ್ಕಾರದ ಸಂಸ್ಥೆ. ಎರಡೂ ಸಿಕ್ಕರೆ ಐಐಎಸ್ಸಿ. ದಾವಣಗೆರೆಯವರಿಗೆ ಎರಡೂ ನಮ್ಮ ಪಿ.ಬಿ. ರಸ್ತೆಯ ಎರಡು ತುದಿ, ರಾತ್ರಿ ಬಸ್ಸು ಹತ್ತಿದರಾಯಿತು, ಹಾಗಾಗಿ ದೂರದ ಲೆಕ್ಕ ಬಿಡಿ.

ಐಐಎಸ್ಸಿಯದು 4 ವರ್ಷದ ಬಿಎಸ್, 2011ರಲ್ಲಿ ಶುರುವಾದದ್ದು. ಮೊದಲ ಮೂರು ಸೆಮಿಸ್ಟರ್ ಎಲ್ಲರಿಗೂ ಒಂದೇ ಪಾಠ. ಬಯಾಲಜಿ ಅಂತ ಹೋದವಳೂ ಗಣಿತ ಓದಲೇಬೇಕು. ಆಮೇಲೆ ಮನಸ್ಸಿದ್ದರೆ ಇನ್ನೊಂದು ವರ್ಷ ಓದಿ ಮಾಸ್ಟರ್ಸ್ ಮುಗಿಸಬಹುದು, ಇಲ್ಲದಿದ್ದರೆ ನಾಲ್ಕಕ್ಕೇ ಹೊರಬರಬಹುದು. ನನಗೆ ಇಷ್ಟವಾಗುವುದೇ ಇದು, ಹದಿನೆಂಟರ ಹುಡುಗಿಗೆ ಮನಸ್ಸು ಬದಲಾಯಿಸಲು ಜಾಗ ಬೇಕಲ್ವಾ. ಪುಣೆ ಐಸರ್ 2006ರದ್ದು, ಅಲ್ಲಿ 5 ವರ್ಷದ ಬಿಎಸ್-ಎಂಎಸ್ ಒಟ್ಟಿಗೇ, ಕೊನೆಯ ವರ್ಷ ಪೂರ್ತಿ ಸಂಶೋಧನೆ. ಸಂಶೋಧನೆಯೇ ಅಂತ ಆಗಲೇ ಗಟ್ಟಿಯಾಗಿದ್ದರೆ ಅದೇನೂ ಕಡಿಮೆಯಲ್ಲ.

ಸರಿ. ಈಗ ಆ ಚಳ್ಳಕೆರೆ ವಿಷಯ.

"ಚಳ್ಳಕೆರೇಲೇ ಐಐಎಸ್ಸಿ ಇದೆಯಲ್ಲ ಸರ್, ನಮ್ಮ ಜಿಲ್ಲೆ ಮಕ್ಕಳಿಗೆ ಸೀಟು ಇಟ್ಟಿರ್ತಾರಂತೆ, ದುರ್ಗದಿಂದ ದಿನಾ ಓಡಾಡಬಹುದಂತೆ." ಹೇಳಿದ್ದು ಯಾರು? ಯಾರೋ ಭಾವನಂತೆ, ಆ ಕಡೆ ಹೋಗುವಾಗ ಬೋರ್ಡ್ ನೋಡಿದರಂತೆ. ಬೋರ್ಡ್ ಇರೋದು ನಿಜ. ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಹತ್ತಿರ ಐಐಎಸ್ಸಿಗೆ 1,500 ಎಕರೆ ಜಾಗವಿದೆ, ಅದೂ ನಿಜ. ಆದರೆ ಬಿಎಸ್ ತರಗತಿ ನಡೆಯುವುದು ಬೆಂಗಳೂರಿನಲ್ಲಿ, ಹಳಬರು ಇವತ್ತಿಗೂ ಟಾಟಾ ಇನ್‌ಸ್ಟಿಟ್ಯೂಟ್ ಅನ್ನುವ ಆ ಹಳೇ ಕ್ಯಾಂಪಸ್ಸಿನಲ್ಲಿ. ಕುದಾಪುರದಲ್ಲಿ ಕ್ಲಾಸಿನಲ್ಲಿ ಕೂತವರು ಯಾರು ಗೊತ್ತಾ? ನನ್ನಂಥ ಮೇಷ್ಟ್ರುಗಳು! ವಿಜ್ಞಾನ ಶಿಕ್ಷಕರಿಗೆ ಅಲ್ಲಿ ತರಬೇತಿ ಕೊಡುತ್ತಾರೆ, ನಾನೂ ಹೋಗಿ ಬಂದಿದ್ದೇನೆ. ಇಪ್ಪತ್ತು ವರ್ಷ ಬೋರ್ಡ್ ಮೇಲೆ ಬರೀ ಚಿತ್ರ ಬಿಡಿಸಿ ಪಾಠ ಮಾಡಿದ್ದ ಪ್ರಯೋಗವನ್ನು ಅಲ್ಲಿ ಕೈಯಾರೆ ಮಾಡಿದೆ. ಆ ಖುಷಿ ಬೇರೆ ಬಿಡಿ.

ಇನ್ನು ಕೋಟಾ. ಸರ್ಕಾರಿ ಕೆಲಸಕ್ಕೆ ಯೋಜನಾ ನಿರಾಶ್ರಿತರ ಮೀಸಲಾತಿ ಇದೆಯಲ್ಲ, ಅದನ್ನೇ ತಂದು ಇಲ್ಲಿಗೂ ಅಂಟಿಸಿದ್ದಾರೆ ಅಂತ ಕಾಣುತ್ತದೆ: ಊರು ಜಾಗ ಕೊಟ್ಟಿದೆ, ಊರಿನ ಮಕ್ಕಳಿಗೆ ಸೀಟು. ಅಲ್ಲಿ ಹೋದದ್ದು ಅಮೃತಮಹಲ್ ಕಾವಲು. ಕುರಿ ದನ ಮೇಯಿಸುತ್ತಿದ್ದವರಿಗೆ ಆದ ನಷ್ಟ ದೊಡ್ಡದೇ, ಆದರೆ ಅದಕ್ಕೆ ಬದಲಾಗಿ ಬಿಎಸ್ ಸೀಟು ಅಂತ ಯಾರೂ ಬರೆದುಕೊಟ್ಟಿಲ್ಲ. ಐಐಎಸ್ಸಿಯಲ್ಲಿ ಚಿತ್ರದುರ್ಗದ ಕೋಟಾ ಇಲ್ಲ, ಕರ್ನಾಟಕದ ಕೋಟಾನೇ ಇಲ್ಲ. ಐಸರ್‌ನಲ್ಲೂ ಇಲ್ಲ. ಸಿಇಟಿ ರ್‍ಯಾಂಕ್ ಎರಡೂ ಕಡೆ ಲೆಕ್ಕಕ್ಕಿಲ್ಲ. ಕೆವಿಪಿವೈ (ವಿಜ್ಞಾನ ಓದುವವರಿಗಿದ್ದ ಕೇಂದ್ರದ ಸ್ಕಾಲರ್‌ಶಿಪ್ ಪರೀಕ್ಷೆ) ಕೋಚಿಂಗ್ ಅಂತ ಯಾರಾದರೂ ದುಡ್ಡು ಕೇಳಿದರೆ ಎದ್ದು ಬನ್ನಿ, ಆ ಪರೀಕ್ಷೆಯೇ ನಿಂತುಹೋಗಿದೆ.

ಬರೆಯಬೇಕಾದದ್ದು ಐಎಟಿ, ಅಂದರೆ ಐಸರ್‌ಗಳೇ ನಡೆಸುವ ಪ್ರವೇಶ ಪರೀಕ್ಷೆ. ನಾಲ್ಕು ವಿಷಯದಿಂದ ತಲಾ 15ರಂತೆ 60 ಪ್ರಶ್ನೆ, 3 ಗಂಟೆ, ತಪ್ಪಿಗೆ ಒಂದು ಅಂಕ ಹೋಗುತ್ತದೆ. ಐಸರ್‌ಗೆ ಇದೊಂದೇ ದಾರಿ. ಐಐಎಸ್ಸಿ ಇದನ್ನೂ ಒಪ್ಪುತ್ತದೆ, ಜೆಇಇ ಅಡ್ವಾನ್ಸ್ಡ್ ಅನ್ನೂ ಒಪ್ಪುತ್ತದೆ. ಆದರೆ ಐಎಟಿ ಬರೆದ ಮಾತ್ರಕ್ಕೆ ಐಐಎಸ್ಸಿಗೆ ಅರ್ಜಿ ತಾನಾಗಿ ಹೋಗುವುದಿಲ್ಲ, ಬೇರೆಯೇ ಹಾಕಬೇಕು. ಒಳ್ಳೆ ಅಂಕ ಬಂದು, ಅರ್ಜಿ ಹಾಕೋದೇ ಮರೆತು ಕೈ ಕೈ ಹಿಸುಕಿಕೊಂಡವರನ್ನು ನೋಡಿದ್ದೇನೆ.

ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಜಾತಿ ಸರ್ಟಿಫಿಕೇಟ್. ನಿಮ್ಮ ಮನೆಯಲ್ಲಿರುವ 2ಎ, 3ಬಿ ಸರ್ಟಿಫಿಕೇಟ್ ರಾಜ್ಯದ್ದು, ಇಲ್ಲಿ ನಡೆಯಲ್ಲ. ಕೇಂದ್ರದ ಒಬಿಸಿ ಪಟ್ಟಿಯೇ ಬೇರೆ. ಮೊದಲು ನಿಮ್ಮ ಜಾತಿ ಅದರಲ್ಲಿದೆಯಾ ನೋಡಿ, ಇದ್ದರೆ ತಹಶೀಲ್ದಾರರಿಂದ ಕೇಂದ್ರದ ನಮೂನೆಯಲ್ಲಿ ಹೊಸದಾಗಿ ಮಾಡಿಸಿ. ಹೋಗುವಾಗ ಮಗಳ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಜೊತೆಗಿರಲಿ. ಇನಿಷಿಯಲ್ ಎರಡರಲ್ಲೂ ಒಂದೇ ಥರ ಇದೆಯಾ ಅಂತ ಅಲ್ಲೇ ಕೌಂಟರ್ ಮುಂದೆ ನಿಂತು ನೋಡಿಕೊಳ್ಳಿ, ಮನೆಗೆ ಬಂದ ಮೇಲಲ್ಲ.